ಗೇಣಿಯ ಲೆಕ್ಕವೂ ಕರುಣರಸವೂ

ಬಡ ಒಕ್ಕಲಿನ ಕಷ್ಟವನ್ನು ವರ್ಣಿಸಿದ ಕಾದಂಬರಿಯೊಂದು ಕೈಗೆ ಬಂದರೆ ಸಾಕು, ಅದನ್ನು ಕರುಣರಸಪ್ರಧಾನವೆಂದು ಕೊಂಡಾಡುವುದು ನಮ್ಮ ವಿಮರ್ಶೆಯಲ್ಲಿ ವಾಡಿಕೆಯಾಗಿಬಿಟ್ಟಿದೆ. ಓದುವವನ ಕಣ್ಣಿನಲ್ಲಿ ನೀರು ಬಂದಿತೆಂಬುದೇ ಅದಕ್ಕೆ ಕೊಡುವ ಪ್ರಮಾಣ. ನಮ್ಮ ಆಲಂಕಾರಿಕರಾದರೋ ಇಷ್ಟು ಸುಲಭವಾಗಿ ತೃಪ್ತರಾದವರಲ್ಲ. ಶೋಕವು ಲೋಕದಲ್ಲಿ ಎಲ್ಲೆಲ್ಲಿಯೂ ಇರುವುದು. ಅದು ಕಾವ್ಯದಲ್ಲಿ ಕರುಣವಾಗಿ ಪರಿಣಮಿಸಬೇಕಾದರೆ ವಿಭಾವಾನುಭಾವಗಳು ತಕ್ಕಂತೆ ಒದಗಬೇಕೆಂದು ಅವರು ವಿಧಿಸಿದರು. ಅನೌಚಿತ್ಯಕ್ಕಿಂತ ಬೇರೆಯಾದ ರಸಭಂಗಕಾರಣವಿಲ್ಲವೆಂಬುದು ಆನಂದವರ್ಧನನ ಮತ. ಕ್ಷೇಮೇಂದ್ರನು ಆ ಒಂದು ಮಾತನ್ನೇ ವಿಸ್ತರಿಸಿ ಔಚಿತ್ಯವಿಚಾರವೆಂಬ ಒಂದು ಗ್ರಂಥವನ್ನೇ ಬರೆದನು.

ಹಾಗಾದರೆ ನೆಲವನ್ನು ಗೇಣಿಗೆ ಮಾಡುವವನ ಕಥೆಯಲ್ಲಿ ವಿಭಾವವೆಂಬುದು ಯಾವುದು? ಹರಕು ಬಟ್ಟೆಯೇ? ಸೋರುವ ಗುಡಿಸಲೇ? ಅಳುವ ಮಗುವೇ? ಇವು ಎಲ್ಲ ಬಡತನಕ್ಕೂ ಸಾಮಾನ್ಯವಾದವು. ಊರಿನ ಕೂಲಿಗೂ ಪಟ್ಟಣದ ಭಿಕ್ಷುಕನಿಗೂ ಇವನ್ನು ಹಚ್ಚಬಹುದು. ಗೇಣಿದಾರನ ದುಃಖಕ್ಕೆ ಅವನದೇ ಆದ ಆಲಂಬನವೊಂದು ಬೇಕು. ಅದು ಅವನ ಕರಾರು. ನೆಲ ಯಾರದು, ಕಣದಲ್ಲಿ ರಾಶಿಯನ್ನು ಎಷ್ಟು ಪಾಲು ಮಾಡುವರು, ಅಳೆಯುವ ಕೊಳಗ ಯಾರ ಮನೆಯದು, ಬಿತ್ತನೆಯ ಬೀಜವನ್ನು ಕೊಟ್ಟವರು ಯಾರು, ಕಂದಾಯವನ್ನು ಕಟ್ಟುವವರು ಯಾರು, ಯಾವ ನೆಪದಿಂದ ಯಾವ ತಿಂಗಳಲ್ಲಿ ಅವನನ್ನು ಬಿಡಿಸಬಹುದು, ಇವುಗಳನ್ನು ತಿಳಿದಲ್ಲದೆ ಅವನ ದುಃಖವು ಎಂಥದೆಂಬುದು ತಿಳಿಯದು. ಲೆಕ್ಕವನ್ನು ಬಲ್ಲ ಕೃತಿಯಲ್ಲಿ ಕರುಣವು ನಿಲ್ಲುತ್ತದೆ. ಲೆಕ್ಕವನ್ನು ಅರಿಯದ ಕೃತಿಯಲ್ಲಿ ಕನಿಕರ ಮಾತ್ರ ಹುಟ್ಟಿ, ಪುಸ್ತಕವನ್ನು ಮುಚ್ಚಿದೊಡನೆ ಆರಿಹೋಗುತ್ತದೆ. ಈ ಒಂದು ಮಾತನ್ನು ಕೆಲವು ಕೃತಿಗಳ ಮೇಲೆ ಒರೆಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಸಾಹಿತ್ಯವೆಂದರೆ ಅಮಲ್ದಾರರ ಕಚೇರಿಯ ದಫ್ತರವೇ ಎಂದು ವಾಚಕರು ಕೇಳಬಹುದು. ಮೃಚ್ಛಕಟಿಕವನ್ನು ಜ್ಞಾಪಿಸಿಕೊಳ್ಳಿ. ಚಾರುದತ್ತನ ದಾರಿದ್ರ್ಯವು ನಮ್ಮ ಮನಸ್ಸನ್ನು ಹಿಡಿಯುವುದು ಅವನು ದಾರಿದ್ರ್ಯದ ಮೇಲೆ ಆಡಿದ ಮಾತುಗಳಿಂದ ಮಾತ್ರವೇ ಅಲ್ಲ. ವಸಂತಸೇನೆಯು ನ್ಯಾಸವಾಗಿ ಇಟ್ಟ ಒಡವೆ, ಅದು ಕಳವಾದುದು, ಅದಕ್ಕೆ ಬದಲಾಗಿ ಧೂತೆಯು ತನ್ನ ರತ್ನಾವಳಿಯನ್ನು ತೆಗೆದುಕೊಟ್ಟುದು, ಈ ಕೊಡುಕೊಳ್ಳುವಿಕೆಯ ಲೆಕ್ಕದಿಂದಲೇ ಅಲ್ಲಿ ರಸವು ಬೆಳೆಯುತ್ತದೆ. ಧೂತೆಯ ಹಾರವು ಬೆಲೆಯಲ್ಲಿ ಹೆಚ್ಚೆಂಬುದು ನಮಗೆ ಗೊತ್ತಿರುವುದರಿಂದಲೇ ಆಕೆಯ ಮೌನಕ್ಕೆ ಅಷ್ಟು ಬೆಲೆ. ಆದುದರಿಂದ ಲೆಕ್ಕವು ರಸಕ್ಕೆ ಶತ್ರುವೆಂಬುದು ಆಧುನಿಕರ ಭ್ರಮೆಯೇ ಹೊರತು ಪ್ರಾಚೀನರ ಮತವಲ್ಲ.

ಮೊದಲು ನಮ್ಮ ಸೀಮೆಯ ಲೆಕ್ಕವನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಸರಕಾರಕ್ಕೆ ಕಂದಾಯ ಕಟ್ಟುವ ಖಾತೆದಾರನ ಕೆಳಗೆ ಉಳುವವನು ಹಲವು ಬಗೆಯ ಕಟ್ಟುಪಾಡಿನಿಂದ ನೆಲವನ್ನು ಹಿಡಿಯುತ್ತಿದ್ದನು. ವಾರವೆಂದರೆ ಬೆಳೆಯನ್ನು ಸಮಪಾಲು ಮಾಡುವುದು; ಬಟಾಯಿಯೆಂದೂ ಇದಕ್ಕೆ ಹೆಸರು. ಮುಕ್ಕುಪ್ಪೆಯೆಂದರೆ ಮೂರು ಕುಪ್ಪೆ: ಎರಡು ಉಳುವವನಿಗೆ, ಒಂದು ನೆಲದೊಡೆಯನಿಗೆ, ಕಂದಾಯವು ಒಡೆಯನ ಪಾಲಿಗೆ. ಅರೆಕಂದಾಯ ಅಥವಾ ಚತುರ್ಭಾಗದಲ್ಲಿ ಒಡೆಯನಿಗೆ ಬರುವುದು ನಾಲ್ಕರಲ್ಲಿ ಒಂದು ಪಾಲು. ಒಳಕಂದಾಯದಲ್ಲಿ ಧಾನ್ಯದ ಮಾತಿಲ್ಲ. ಗೊತ್ತಾದ ಹಣ, ಅದು ಸರಕಾರದ ಕಂದಾಯದಷ್ಟೇ ಇರಬಹುದು, ಹೆಚ್ಚೂ ಇರಬಹುದು. ಇವು ಬರಿಯ ಶಬ್ದಗಳಲ್ಲ. ವಾರದವನು ಮಳೆ ಹೋದರೆ ಒಡೆಯನೊಡನೆ ಕೂಡಿ ಕೆಡುತ್ತಾನೆ; ಒಳಕಂದಾಯದವನು ಒಬ್ಬನೇ ಕೆಡುತ್ತಾನೆ. ಈ ಎರಡು ದುಃಖಗಳೂ ಒಂದೇ ಅಲ್ಲ. ಇಬ್ಬರನ್ನೂ 'ಬಡ ರೈತ' ಎಂಬ ಒಂದೇ ಮಾತಿನಿಂದ ಕರೆದ ಗ್ರಂಥಕರ್ತನು ಇಬ್ಬರನ್ನೂ ಅರಿತವನಲ್ಲ.

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕುಂಪಣಿಯ ಅಪ್ಪಣೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು, ಘಟ್ಟವನ್ನೇರಿ, ನಮ್ಮ ಬೇತಮಂಗಲದ ಮಾರ್ಗವಾಗಿ ಬೆಂಗಳೂರಿಗೆ ಹೋದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬೆಂಗಳೂರು ಸೀಮೆಯ ರಾಗಿಯ ಕಣದ ವರ್ಣನೆಯಿದೆ. ರಾಶಿಯನ್ನು ಸರಕಾರಕ್ಕೂ ರೈತನಿಗೂ ಹಂಚುವುದಕ್ಕೆ ಮೊದಲು ದೇವರಿಗೆ, ಬ್ರಾಹ್ಮಣನಿಗೆ, ಕ್ಷೌರಿಕನಿಗೆ, ಕುಂಬಾರನಿಗೆ, ಕಮ್ಮಾರನಿಗೆ, ಅಗಸನಿಗೆ, ಅಳೆಯುವವನಿಗೆ, ಊರಿನ ಗೌಡನಿಗೆ, ಶಾನುಭೋಗನಿಗೆ ಇಂತಿಷ್ಟೆಂದು ತೆಗೆಯುವ ಕ್ರಮವನ್ನು ಅವನು ಒಂದೊಂದಾಗಿ ಬರೆದಿದ್ದಾನೆ. ಅವನು ಕವಿಯಲ್ಲ, ಅವನಿಗೆ ನಮ್ಮ ಜನರ ಮೇಲೆ ವಿಶೇಷವಾದ ಪ್ರೀತಿಯೂ ಕಾಣುವುದಿಲ್ಲ. ಆದರೂ ಆ ಪಟ್ಟಿಯನ್ನು ಓದುವಾಗ, ಕಣದ ನಡುವೆ ನಿಂತು ತನ್ನ ರಾಶಿಯು ಬದಿಬದಿಯಲ್ಲಿ ಕರಗುತ್ತಿರುವುದನ್ನು ನೋಡುವ ಒಕ್ಕಲಿಗನೊಬ್ಬನು ಕಣ್ಣಿಗೆ ಕಟ್ಟುತ್ತಾನೆ. ಅದೇ ಪಟ್ಟಿಯಲ್ಲಿ ಊರಿನವರೆಲ್ಲರ ಬಾಳು ಒಂದೇ ರಾಶಿಯ ಸುತ್ತ ಕಟ್ಟಿರುವುದೂ ಕಾಣುತ್ತದೆ. ಅನ್ಯಾಯ, ಅನ್ಯೋನ್ಯ, ಎರಡೂ ಒಂದೇ ಕಣದಲ್ಲಿ! ಕವಿಯಾದವನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಏನು ಬೇಕು?

ಬುಕಾನನ್ ಬೇತಮಂಗಲವನ್ನು ಹಾದುಹೋದ ಆ 1800ನೆಯ ಇಸವಿಯಲ್ಲಿಯೇ ಐರ್ಲೆಂಡಿನ ಒಕ್ಕಲುತನವನ್ನು ಕುರಿತ ಒಂದು ಸಣ್ಣ ಕಾದಂಬರಿ ಅಚ್ಚಾಯಿತು: ಮರಿಯಾ ಎಡ್ಜ್‌ವರ್ತ್ ಎಂಬಾಕೆಯ 'ಕ್ಯಾಸಲ್ ರ್ಯಾಕ್‌ರೆಂಟ್'. ಅಷ್ಟು ದೂರದ ದ್ವೀಪದ ಪ್ರಸ್ತಾಪ ಇಲ್ಲೇಕೆ ಎಂದರೆ, ಜಮೀನುದಾರ ಗೇಣಿದಾರರ ಸಂಬಂಧವು ಒಂದು ದೇಶದ ಚರಿತ್ರೆಯನ್ನೇ ಆಳಿದುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಅದೂ ಅಲ್ಲದೆ ನಮ್ಮ ಸೀಮೆಗೂ ಆ ದೇಶಕ್ಕೂ ಒಂದು ನಂಟು ಇದೆ. 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಬಂದು, 1873ರಲ್ಲಿ ಚಿನ್ನದ ಗಣಿಯನ್ನು ತೋಡಲು ಮೈಸೂರು ಸರಕಾರದ ಅನುಮತಿಯನ್ನು ಬೇಡಿದ ಮೈಕೇಲ್ ಲವೆಲ್ ಎಂಬ ಸಿಪಾಯಿಯು ಐರಿಷ್ ಮೂಲದವನು.

ಆ ಕಾದಂಬರಿಯ ಹೆಸರಿನಲ್ಲಿಯೇ ಲೆಕ್ಕವಿದೆ. ರ್ಯಾಕ್‌ರೆಂಟ್ ಎಂದರೆ ಒಕ್ಕಲನ್ನು ಹಿಂಡಿ ತೆಗೆಯುವ ಗೇಣಿ. ಕಥೆಯನ್ನು ಹೇಳುವವನು ಥೇಡಿ ಎಂಬ ಮನೆಯ ಹಳೆಯ ಪಾರುಪತ್ಯಗಾರ. ಒಡೆಯರ ಮನೆತನದ ಮೇಲೆ ಅವನಿಗೆ ಎಲ್ಲಿಲ್ಲದ ಭಕ್ತಿ. ಒಡೆಯರಲ್ಲಿ ಒಬ್ಬನು ವ್ಯಾಜ್ಯಪ್ರಿಯ, ಒಬ್ಬನು ಪರದೇಶದಲ್ಲಿದ್ದುಕೊಂಡು ಹಣವನ್ನು ಮಾತ್ರ ತರಿಸಿಕೊಳ್ಳುವವನು, ಕೊನೆಯವನು ಕೈಬಿಚ್ಚಿ ಕೆಟ್ಟವನು. ಒಡೆಯನ ಹೆಂಡತಿಗೆ ಒಕ್ಕಲುಗಳು ಒಪ್ಪಿಸಬೇಕಾದ ಕೋಳಿಗಳ ಕಾಣಿಕೆಯೂ, ಕರಾರಿಗೆ ಮುದ್ರೆ ಒತ್ತುವಾಗ ಕೊಡಬೇಕಾದ ಹಣವೂ, ವರ್ಷಕ್ಕೆ ಇಷ್ಟು ದಿನವೆಂದು ಆಳು ಕುದುರೆಗಳೊಡನೆ ಮಾಡಬೇಕಾದ ಬಿಟ್ಟಿಯೂ ಅಲ್ಲಿ ವಿವರವಾಗಿ ಬರುತ್ತವೆ. ತನ್ನನ್ನು ಕೆಣಕಿದ ಒಕ್ಕಲನ್ನು ಅವನ ಸ್ವಂತ ಪೈರು ಕೊಯ್ಲಿಗೆ ಬಂದ ಒಳ್ಳೆಯ ಬಿಸಿಲಿನ ದಿನವನ್ನೇ ಹುಡುಕಿ ಬಿಟ್ಟಿಗೆ ಕರೆಯುವ ಒಡೆಯನನ್ನು ಥೇಡಿ ಮೆಚ್ಚುಗೆಯಿಂದಲೇ ವರ್ಣಿಸುತ್ತಾನೆ. ಓದುಗನು ಮೊದಲು ನಗುತ್ತಾನೆ. ಆಮೇಲೆ ಆ ಪೈರಿನ ಗತಿ ಏನಾಯಿತೆಂದು ಯೋಚಿಸುತ್ತಾನೆ. ಹಾಸ್ಯವು ಹೀಗೆ ತಾನಾಗಿ ಕರುಣಕ್ಕೆ ದಾರಿಬಿಡುವುದು ಎಲ್ಲರಿಗೂ ಸಾಧಿಸುವ ಕೆಲಸವಲ್ಲ. ಎಡ್ಜ್‌ವರ್ತ್ ತಾನೇ ಜಮೀನುದಾರನ ಮಗಳು. ತಂದೆಗೆ ನೆರವಾಗಿ ಜಹಗೀರಿನ ವ್ಯವಹಾರವನ್ನು ನೋಡಿದವಳು. ಗೇಣಿಯ ಪುಸ್ತಕವನ್ನು ಬಲ್ಲ ಕೈಯೇ ಕಾದಂಬರಿಯನ್ನೂ ಬರೆಯಿತು. ಅದರ ಶಕ್ತಿಯ ಮೂಲವು ಅಲ್ಲಿದೆ.

ಆ ದೇಶದ ಮುಂದಿನ ಚರಿತ್ರೆಯು ಸುಪ್ರಸಿದ್ಧವಾದುದು. ಒಡೆಯನ ಮರ್ಜಿ ಇರುವವರೆಗೆ ಮಾತ್ರ ನೆಲವನ್ನು ಹಿಡಿದಿದ್ದ ಒಕ್ಕಲುಗಳೇ ಅಲ್ಲಿ ಬಹುಮಂದಿ. ಆಲೂಗೆಡ್ಡೆಗೆ ರೋಗ ತಗುಲಿ 1845ರಲ್ಲಿ ಮೊದಲಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. 1841ರಲ್ಲಿ 81 ಲಕ್ಷಕ್ಕೆ ಮೇಲಿದ್ದ ಜನಸಂಖ್ಯೆಯು 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಒಕ್ಕಲುಗಳ ಹೋರಾಟದ ಫಲವಾಗಿ 1881ರಲ್ಲಿ ನ್ಯಾಯವಾದ ಗೇಣಿ, ಬಿಡಿಸಲಾಗದ ಹಿಡುವಳಿ, ತನ್ನ ಹಕ್ಕನ್ನು ಮಾರುವ ಸ್ವಾತಂತ್ರ್ಯ ಎಂಬ ಮೂರನ್ನು ಒಪ್ಪಿದ ಶಾಸನವಾಯಿತು. 1903ರ ಶಾಸನದಿಂದ ಒಕ್ಕಲುಗಳು ನೆಲವನ್ನು ಕೊಳ್ಳುವುದಕ್ಕೆ ದಾರಿ ತೆರೆಯಿತು. ನಮ್ಮ ಕರಾವಳಿಯ ಮೂಲಗೇಣಿ ಚಾಲಗೇಣಿಗಳ ಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂಲಗೇಣಿಯವನನ್ನು ಬಿಡಿಸುವಂತಿಲ್ಲ, ಅವನ ಗೇಣಿಯನ್ನು ಏರಿಸುವಂತಿಲ್ಲ. ಚಾಲಗೇಣಿಯವನಿಗೆ ಮುಂದಿನ ವರ್ಷವೆಂಬುದು ಒಡೆಯನ ಬಾಯಲ್ಲಿದೆ. ಐರ್ಲೆಂಡಿನ ಹೋರಾಟವೆಲ್ಲ ಚಾಲಗೇಣಿಯವನು ಮೂಲಗೇಣಿಯವನಾಗಬೇಕೆಂದು ಪಟ್ಟ ಪ್ರಯತ್ನವೆಂದರೆ ತಪ್ಪಾಗಲಾರದು.

ಈಗ ಕನ್ನಡದ ಕಡೆಗೆ ಬರೋಣ. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಪ್ರಕಟವಾಯಿತು. ಅದನ್ನು ಗೇಣಿದಾರನ ಕಥೆಯೆಂದು ಹೇಳುವವರುಂಟು, ಅದು ಸರಿಯಲ್ಲ. ಚೋಮನು ಗೇಣಿದಾರನಲ್ಲ. ಗೇಣಿದಾರನಾಗಬೇಕೆಂದು ಹಂಬಲಿಸಿ ಸತ್ತವನು. ಅಸ್ಪೃಶ್ಯವೆನಿಸಿದ ಕುಲದಲ್ಲಿ ಹುಟ್ಟಿದ ಅವನಿಗೆ ಕಾಡಿನಲ್ಲಿ ದಿಕ್ಕಿಲ್ಲದೆ ದೊರೆತು, ಅವನೇ ಸಾಕಿ ಬೆಳೆಸಿದ ಎರಡು ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ, ಇಲ್ಲದಿರುವುದು ಉಳುವುದಕ್ಕೆ ಒಂದು ತುಂಡು ನೆಲ. ಅದನ್ನೂ ಅವನು ದಾನವಾಗಿ ಕೇಳುವವನಲ್ಲ, ಗೇಣಿಗೆ ಕೇಳುತ್ತಾನೆ. ಐರ್ಲೆಂಡಿನ ಒಕ್ಕಲಿಗೆ ಯಾವುದು ನರಕವಾಗಿ ತೋರಿತೋ ಅದು ಚೋಮನಿಗೆ ಸ್ವರ್ಗವಾಗಿ ತೋರುತ್ತದೆ. ಗೇಣಿಯ ಏಣಿಯಲ್ಲಿ ಕೆಳಗಿನ ಮೆಟ್ಟಿಲಿಗೂ ಕೆಳಗೆ ಒಬ್ಬನು ನಿಂತಿದ್ದಾನೆಂಬುದನ್ನು ಕಾರಂತರು ಕಂಡರು. ಪಾಶ್ಚಾತ್ಯರ ಗೇಣಿದಾರ ಕಾದಂಬರಿಗಳನ್ನು ಎದುರಿಗಿಟ್ಟುಕೊಂಡು ಬರೆದಿದ್ದರೆ ಇದು ಕಾಣುತ್ತಿರಲಿಲ್ಲ. ಇದು ನಮ್ಮ ನೆಲದ ಮೇಲೆ ನಿಂತೇ ಕಾಣಬೇಕಾದ ಸತ್ಯ.

ಲೆಕ್ಕದ ವಿಚಾರದಲ್ಲಿ ಈ ಕೃತಿಯ ಔಚಿತ್ಯವನ್ನು ಗಮನಿಸಿರಿ. ಚೋಮನಿಗೆ ಕಾಫಿತೋಟದ ಸಾಲವಿದೆ. ಅದನ್ನು ತೀರಿಸಲು ಚನಿಯ ಗುರುವರನ್ನು ಘಟ್ಟಕ್ಕೆ ಕಳುಹಿಸುತ್ತಾನೆ. ಚನಿಯನು ಚಳಿಜ್ವರದಿಂದ ಸಾಯುತ್ತಾನೆ. ಗುರುವನು ಕಿರಿಸ್ತಾನರ ಹೆಣ್ಣನ್ನು ಮದುವೆಯಾಗಿ ಆ ಮತಕ್ಕೆ ಸೇರುತ್ತಾನೆ. ಸಾಲ ಹಾಗೆಯೇ ಉಳಿಯುತ್ತದೆ. ಆಮೇಲೆ ಮಗಳು ಬೆಳ್ಳಿ ಹೋಗಬೇಕಾಗುತ್ತದೆ. ಆಕೆ ಅಲ್ಲಿ ತನ್ನ ಮಾನವನ್ನು ತೆತ್ತ ಮೇಲೆ ಸಾಲದ ಲೆಕ್ಕ ಮುಗಿಯುತ್ತದೆ. ಒಂದು ಖಾತೆಯಲ್ಲಿ ಬರೆದಿದ್ದ ಅಂಕಿಯನ್ನು ಹೊಡೆದುಹಾಕಲು ಏನೇನು ಬೇಕಾಯಿತೆಂಬುದೇ ಆ ಕಾದಂಬರಿ. ಗ್ರಂಥಕರ್ತರು ಎಲ್ಲಿಯೂ ನಿಂತು ಕಣ್ಣೊರೆಸಿಕೊಳ್ಳುವುದಿಲ್ಲ. ಅಂಕಿ ಇಳಿಯಿತು, ಮನುಷ್ಯರು ಹೋದರು ಎಂಬಷ್ಟನ್ನೇ ತೋರಿಸುತ್ತಾರೆ. ಸಾಲವು ಎಷ್ಟೆಂಬುದನ್ನು ಚೋಮನು ತಾನಾಗಿ ಅರಿಯಲಾರನು, ಹೇಳಿದಷ್ಟನ್ನು ನಂಬಬೇಕು. ಓದುಬರಹ ಬಲ್ಲವನ ಬಾಯಲ್ಲಿ ಬಾರದವನ ಬಾಳು ಸಿಕ್ಕಿಕೊಂಡ ಬಗೆಗೆ ಇದಕ್ಕಿಂತ ಸಂಯಮದ ಚಿತ್ರವು ನಮ್ಮ ಗದ್ಯದಲ್ಲಿ ಅಪರೂಪ.

ಒಡೆಯನಾದ ಸಂಕಪ್ಪಯ್ಯನ ಪಾತ್ರವಂತೂ ವಿಮರ್ಶಕರು ಸಾಕಷ್ಟು ಗಮನಿಸದೆ ಬಿಟ್ಟಿರುವ ಸೃಷ್ಟಿ. ಅವನು ದುಷ್ಟನಲ್ಲ. ಚೋಮನಿಗೆ ನೆಲವನ್ನು ಕೊಟ್ಟರೇನೆಂದು ಅವನ ಮನಸ್ಸು ಒಮ್ಮೆ ಒಲಿಯುತ್ತದೆ, ಮುದಿ ತಾಯಿಯ ಮಾತು, ಊರಿನ ಸಂಪ್ರದಾಯ ಅಡ್ಡಬರುತ್ತವೆ, ಅವನು ಹಿಂಜರಿಯುತ್ತಾನೆ. ದುಷ್ಟನಾದ ಒಡೆಯನನ್ನು ಚಿತ್ರಿಸಿದರೆ ವಾಚಕನು ಅವನನ್ನು ಬೈದು ತಾನು ಪಾರಾಗುತ್ತಾನೆ. ಒಳ್ಳೆಯವನೂ ದುರ್ಬಲನೂ ಆದ ಸಂಕಪ್ಪಯ್ಯನನ್ನು ಕಂಡಾಗ, ಓದಿದ ಮನೆತನಗಳವರಾದ ನಮಗೆ ಹಾಗೆ ಪಾರಾಗಲು ಎಡೆಯಿಲ್ಲ. ಅವನ ಜಗಲಿಯು ನಮ್ಮ ಜಗಲಿಯಂತೆಯೇ ಇದೆ. ಕೊನೆಯಲ್ಲಿ ಚೋಮನು ಎತ್ತುಗಳನ್ನು ಕಾಡಿಗೆ ಅಟ್ಟಿ, ನೇಗಿಲನ್ನು ಮುರಿದು ಸುಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಪ್ರಾಣಬಿಡುವಾಗ ಅಲ್ಲಿ ಕರುಣವು ಪೂರ್ಣವಾಗುತ್ತದೆ. ನೇಗಿಲು ಅಲ್ಲಿ ಅಲಂಕಾರವಲ್ಲ. ಆಸೆಯ ಕಡೆಯ ಲೆಕ್ಕವನ್ನು ಅವನು ತನ್ನ ಕೈಯಿಂದಲೇ ಮುಗಿಸಿದನು.

ಇದಕ್ಕೆ ಎದುರಾಗಿ ನಿರಂಜನರ 'ಚಿರಸ್ಮರಣೆ'ಯನ್ನು ಇಡಬಹುದು. ಅದು ಬಂದುದು 1955ರಲ್ಲಿ. ಕಾಸರಗೋಡಿನ ಸೀಮೆಯ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತರ ದಂಗೆಯೂ, 1943ರ ಮಾರ್ಚ್ 29ರಂದು ನಾಲ್ವರನ್ನು ಗಲ್ಲಿಗೇರಿಸಿದುದೂ ಅದರ ವಸ್ತು. ಇಲ್ಲಿ ಒಕ್ಕಲುಗಳಿಗೆ ಅಕ್ಷರ ಕಲಿಸುವ ಮೇಷ್ಟರು ಬರುತ್ತಾರೆ. ಲೆಕ್ಕವು ಒಡೆಯನ ಮನೆಯಿಂದ ಒಕ್ಕಲಿನ ಗುಡಿಸಲಿಗೆ ಬರುತ್ತದೆ. ಚೋಮನು ಅರಿಯದೆ ಸತ್ತುದನ್ನು ಇವರು ಅರಿತು ಸಾಯುತ್ತಾರೆ. ಆದುದರಿಂದ ಇಲ್ಲಿ ಕರುಣವು ವೀರಕ್ಕೆ ಅಂಗವಾಗಿ ನಿಲ್ಲುವುದು ಸಹಜವೇ ಆಗಿದೆ. ಈ ಕೃತಿಯ ಗೌರವವು ದೊಡ್ಡದು. ಆದರೂ ನಾನು ಹಿಡಿದ ಒರೆಗಲ್ಲಿನ ಮೇಲೆ ಒಂದು ಕೊರತೆಯನ್ನು ಹೇಳಲೇಬೇಕು. ವೀರಕ್ಕೆ ಪ್ರತಿನಾಯಕನು ಬೇಕು. ಅದಕ್ಕಾಗಿ ಒಡೆಯರು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಬಣ್ಣದವರಾಗಿದ್ದಾರೆ. ಸಂಕಪ್ಪಯ್ಯನ ಹಿಂಜರಿಕೆಯಂಥ ಒಂದು ಗಳಿಗೆ ಇವರಿಗೆ ದೊರೆತಿದ್ದರೆ ಅನ್ಯಾಯವು ಒಬ್ಬಿಬ್ಬರ ಗುಣದಲ್ಲಿಲ್ಲ, ಕಟ್ಟುಪಾಡಿನಲ್ಲಿಯೇ ಇದೆಯೆಂಬ ಗ್ರಂಥಕರ್ತರ ಅಭಿಪ್ರಾಯವೇ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಈ ಎರಡು ಕೃತಿಗಳೂ ಪಡುವಣ ಸೀಮೆಯವು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರಲ್ಲಿ ಬಂದಿತು. ಒಕ್ಕಲು ಜೀತಗಳ ಬಾಳು ತುಂಬಿರುವ ಅದು ಮಲೆನಾಡಿನದು. ನಮ್ಮ ಬಯಲುಸೀಮೆಯ, ಅದರಲ್ಲಿಯೂ ಕೋಲಾರ ಸೀಮೆಯ ವಾರದ ಬದುಕಿಗೆ ಇವುಗಳ ಎತ್ತರದ ಕೃತಿಯೊಂದು ಒದಗಿಲ್ಲ. ನಮ್ಮಲ್ಲಿ ಬರೆಯಬಲ್ಲವರಿಗೆ ಕೊರತೆಯಿತ್ತೆ? ಡಿ. ವಿ. ಗುಂಡಪ್ಪನವರು 1887ರಲ್ಲಿ ಮುಳಬಾಗಿಲಲ್ಲಿಯೂ, ಮಾಸ್ತಿಯವರು 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿಯೂ ಹುಟ್ಟಿದವರು. ಆದರೆ ಆ ಹಿರಿಯರ ದೃಷ್ಟಿಯು ಮನುಷ್ಯನ ಒಳಗಿನ ಸತ್ತ್ವದ ಕಡೆಗೆ ತಿರುಗಿತ್ತು; ಕಣದ ಕಡೆಗೆ ಅಲ್ಲ. ಅದು ಅವರ ದೋಷವಲ್ಲ, ಅವರ ಮಾರ್ಗ. ಕೊರತೆಗೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಕಾರಣವು ವಸ್ತುವಿನ ಸ್ವರೂಪದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಕರಾವಳಿಯಲ್ಲಿ ಒಡೆಯನು ಒಡೆಯನಾಗಿಯೂ ಒಕ್ಕಲು ಒಕ್ಕಲಾಗಿಯೂ ಎದುರುಬದುರಾಗಿ ನಿಂತಿದ್ದರು. ಕಥೆಗೆ ಬೇಕಾದ ಎರಡು ಪಕ್ಷಗಳು ಕಣ್ಣಿಗೆ ಕಾಣುತ್ತಿದ್ದವು. ನಮ್ಮಲ್ಲಿ ಬಹುಮಂದಿ ರೈತರು ಸರಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಸಣ್ಣ ಖಾತೆದಾರರು. ವಾರಕ್ಕೆ ಕೊಟ್ಟವನೂ ವಾರಕ್ಕೆ ಮಾಡಿದವನೂ ಒಂದೇ ಬೀದಿಯವರು, ಎಷ್ಟೋ ವೇಳೆ ದಾಯಾದಿಗಳು. ಇಲ್ಲವೆ ಒಬ್ಬಳು ವಿಧವೆ, ಒಬ್ಬ ಪೂಜಾರಿ, ಪಟ್ಟಣ ಸೇರಿದ ಒಬ್ಬ ಗುಮಾಸ್ತ ಕೊಟ್ಟವರು. ಕರಾರು ಬಾಯಿಮಾತಿನದು. ಮಳೆ ಚೆನ್ನಾಗಿ ಆದ ವರ್ಷ ಜಗಳವಿಲ್ಲ; ಕೆರೆ ಬತ್ತಿದ ವರ್ಷ ಹಂಚುವುದಕ್ಕೇ ಏನಿಲ್ಲ. ಇಂಥ ಬಾಳಿನಲ್ಲಿ ಅನ್ಯಾಯವು ಗುಡುಗಿನಂತೆ ಬರುವುದಿಲ್ಲ, ಗೆದ್ದಲಿನಂತೆ ಬರುತ್ತದೆ. ಅದನ್ನು ಹಿಡಿಯುವುದಕ್ಕೆ ಗದ್ಯಕ್ಕೆ ಹೆಚ್ಚಿನ ಸೂಕ್ಷ್ಮತೆ ಬೇಕು.

ಇನ್ನೊಂದು ಕಾರಣವನ್ನೂ ಹೇಳಬೇಕು. ಐರ್ಲೆಂಡಿನಲ್ಲಿ ಟೌನ್‌ಲ್ಯಾಂಡ್ ಎಂಬುದು ನಮ್ಮ ಮಜರೆಯಂಥ ಅತಿ ಸಣ್ಣ ವಿಭಾಗ. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ 1847ರಿಂದ 1864ರವರೆಗೆ ಅಚ್ಚಾದ ಬೆಲೆಪಟ್ಟಿಯಲ್ಲಿ ಒಂದೊಂದು ಟೌನ್‌ಲ್ಯಾಂಡಿನಲ್ಲಿಯೂ ನೆಲವನ್ನು ಹಿಡಿದವನ ಹೆಸರು, ಅವನಿಗೆ ಕೊಟ್ಟವನ ಹೆಸರು, ವಿಸ್ತೀರ್ಣ, ಬೆಲೆ, ಎಲ್ಲವೂ ಇವೆ. ಗುಡಿಸಲಿನ ಒಕ್ಕಲಿಗೂ ಅಲ್ಲಿ ಒಂದು ಸಾಲು ಉಂಟು. ಇಂದು ಅಮೆರಿಕದಲ್ಲಿರುವ ಮರಿಮಕ್ಕಳು ಆ ಸಾಲನ್ನು ಹುಡುಕಿಕೊಂಡು ಬರುತ್ತಾರೆ. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಕಂದಾಯದ ಮೋಜಣಿಯು ಹೊಲಹೊಲಕ್ಕೂ ಕಲ್ಲು ನೆಟ್ಟು ಅಂಕಿ ಕೊಟ್ಟಿತು. ಆದರೆ ಸರಕಾರಕ್ಕೆ ಬೇಕಾಗಿದ್ದವನು ಕಂದಾಯ ಕಟ್ಟುವ ಖಾತೆದಾರ. ಅವನ ಕೆಳಗೆ ವಾರಕ್ಕೆ ಉತ್ತವನ ಹೆಸರು ಸಾಮಾನ್ಯವಾಗಿ ಅಲ್ಲಿ ಕಾಣದು. ದಫ್ತರವು ಬಿಟ್ಟವನನ್ನು ಕಾದಂಬರಿಯೂ ಬಿಟ್ಟರೆ ಅವನು ಇದ್ದನೆಂಬುದಕ್ಕೆ ಸಾಕ್ಷಿ ಯಾವುದು?

ಧಾತು ಈಶ್ವರ ಸಂವತ್ಸರಗಳ ಬರವನ್ನು ನೋಡಿ. 1876ರಿಂದ 1878ರವರೆಗಿನ ಆ ಬರದಲ್ಲಿ ಕೋಲಾರ ಸೀಮೆಯು ಅತಿಯಾಗಿ ನೊಂದಿತು. 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷವಾಗಿತ್ತು. ಐರ್ಲೆಂಡಿನ ಕ್ಷಾಮದ ಅಂಕಿಗಳ ಪಕ್ಕದಲ್ಲಿ ಇವನ್ನಿಟ್ಟರೆ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಕಾಣದು. ಆ ದ್ವೀಪದ ಕ್ಷಾಮದ ಮೇಲೆ ಒಂದು ಸಾಹಿತ್ಯವೇ ಬೆಳೆದಿದೆ. ನಮ್ಮ ಧಾತು ಬರವು ಅಜ್ಜಿಯರ ಮಾತಿನಲ್ಲಿ ಉಳಿದು ಅವರೊಡನೆ ಹೋಯಿತು. ಸತ್ತವರಲ್ಲಿ ಮೊದಲು ಸತ್ತವರು ಯಾರು? ರಾಶಿಯ ಪಾಲಿನಿಂದ ಬದುಕುತ್ತಿದ್ದವರು, ಬಿತ್ತನೆಯ ಬೀಜವನ್ನೇ ತಿನ್ನಬೇಕಾಗಿ ಬಂದವರು. ಇದನ್ನು ಲೆಕ್ಕದಿಂದ ಊಹಿಸಬೇಕೇ ಹೊರತು ಹೆಸರಿನಿಂದ ಹೇಳಲಾರೆವು.

ಬರವು ಕಳೆದ ಕೆಲವೇ ವರ್ಷಗಳಲ್ಲಿ ಗಣಿಯು ಬಂದಿತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಮೇಲೆ ಚಿನ್ನವು ನಿಜವಾಗಿ ದೊರೆಯತೊಡಗಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಬಂದಿತು. ಗಣಿಯೊಳಕ್ಕೆ ಇಳಿದವರು ಬಹುಮಟ್ಟಿಗೆ ಆರ್ಕಾಟು ಚಿತ್ತೂರು ಸೀಮೆಗಳಿಂದ ಬಂದ ಭೂಹೀನರು; ಹೆಚ್ಚಿನವರು ತಮಿಳರು, ತೆಲುಗರು. ಚೋಮನ ಮಕ್ಕಳು ಘಟ್ಟದ ತೋಟಕ್ಕೆ ಹೋದಂತೆ, ಐರ್ಲೆಂಡಿನವರು ಹಡಗು ಹತ್ತಿದಂತೆ, ಇವರು ಬಂಗಾರಪೇಟೆಯ ನಿಲ್ದಾಣದಲ್ಲಿ ಗಂಟುಮೂಟೆ ಇಳಿಸಿದರು. ಒಡೆಯನ ಕಣದಲ್ಲಿ ತಲೆ ಎತ್ತಲಾರದವನು ನೆಲದ ಕೆಳಗೆ ಹೋಗಿ ವಾರದ ಕೂಲಿಯನ್ನು ರೊಕ್ಕವಾಗಿ ಎಣಿಸಿಕೊಂಡನು. ಅತ್ತ ಬೇತಮಂಗಲದ ಪ್ರಾಚೀನವಾದ ಕೆರೆಯ ನೀರು ಗಣಿಯ ಊರಿಗೆ ಕುಡಿಯುವ ನೀರಾಗಿ ಹರಿಯಿತು. ನೀರು ಒಂದು ಕಡೆಗೆ, ಆಳು ಒಂದು ಕಡೆಗೆ, ಗದ್ದೆಯು ನಡುವೆ. ಈ ಮೂರನ್ನೂ ಒಂದೇ ಕಥೆಯಲ್ಲಿ ಹಿಡಿಯುವ ಲೇಖಕನಿಗಾಗಿ ನಮ್ಮ ಸೀಮೆ ಕಾದಿದೆ. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿತು. ಆ ಗಣಿಗಾರರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ನೌಕರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ.

ಗೇಣಿಯ ಪದ್ಧತಿಯೇ ಹೋಯಿತಲ್ಲ, ಈಗ ಈ ಚರ್ಚೆಯೇಕೆ ಎನ್ನುವವರಿಗೆ ಒಂದು ಮಾತು. 1961ರ ಭೂಸುಧಾರಣೆಯ ಶಾಸನಕ್ಕೆ ಆದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ನೆಲವೆಲ್ಲ ಸರಕಾರದಲ್ಲಿ ನಿಹಿತವಾಗಿ, ಉಳುವವನು 7ನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಹಾಕಿ ಹಕ್ಕು ಪಡೆಯುವಂತಾಯಿತು. ಐರ್ಲೆಂಡಿನವರು ದಶಕಗಳ ಕಾಲ ಹೋರಾಡಿ ಪಡೆದುದಕ್ಕಿಂತ ಇದು ದೊಡ್ಡ ಹೆಜ್ಜೆ. ಆದರೆ ಅರ್ಜಿಗಳ ಭಾರವು ಕರಾವಳಿ ಮಲೆನಾಡುಗಳಲ್ಲಿಯೇ ಹೆಚ್ಚಾಗಿತ್ತು. ನಮ್ಮಲ್ಲಿ ಸ್ವಂತ ಸಾಗುವಳಿ ಹೆಚ್ಚೆಂಬುದು ಒಂದು ಕಾರಣ. ವಾರದವನ ಹೆಸರು ಪಹಣಿಯ ಅಂಕಣದಲ್ಲಿ ಬರೆದಿರಲಿಲ್ಲವೆಂಬುದೂ ಒಂದು ಕಾರಣ. ಶಾಸನದಲ್ಲಿ ಇಲ್ಲವಾದ ಗುತ್ತಿಗೆಯು ಬಾಯಿಮಾತಿನಲ್ಲಿ ಇಂದಿಗೂ ಇದೆ. ಬೆಂಗಳೂರಿನಲ್ಲಿ ನೆಲೆಸಿದವರ ಹೊಲದಲ್ಲಿ ಟೊಮೆಟೊ ಬೆಳೆಯುವವನ ಬಳಿ ಕಾಗದವಿಲ್ಲ. ಕಾಗದವಿಲ್ಲದವನಿಗೆ ಬ್ಯಾಂಕಿನ ಸಾಲ ದುರ್ಲಭ, ಬೆಳೆ ಹೋದರೆ ಪರಿಹಾರವೂ ಖಾತೆದಾರನ ಹೆಸರಿಗೆ. 2020ರ ತಿದ್ದುಪಡಿಯ ಮೇಲೆ ಬೇಸಾಯಗಾರನಲ್ಲದವನೂ ಹೊಲವನ್ನು ಕೊಳ್ಳಬಹುದಾಗಿದೆ. ಹಾಗೆ ಕೊಂಡವನು ತಾನೇ ಉಳುವನೆಂದು ಯಾರೂ ನಂಬಲಾರರು. ವಾರದ ಕಥೆಗೆ ಇನ್ನೂ ಕೊನೆಯಾಗಿಲ್ಲ.

ಈ ಪತ್ರಿಕೆಯನ್ನು ಓದುವ ಮನೆತನಗಳಲ್ಲಿ ಬಹಳವು ಒಂದು ಕಾಲದಲ್ಲಿ ನೆಲವನ್ನು ಕೊಟ್ಟವು, ಕೆಲವು ಪಡೆದವು, ಕೆಲವು 1974ರಲ್ಲಿ ಕಳೆದುಕೊಂಡವು. ಕಳೆದುಕೊಂಡವರ ಮನೆಯಲ್ಲಿ ಆ ಮಾತು ಇನ್ನೂ ನೋವಿನಿಂದ ಬರುವುದನ್ನು ಬಲ್ಲೆ. ಪಡೆದವರ ಮನೆಯಲ್ಲಿ ಅದೇ ಮಾತು ಹಬ್ಬದಂತೆ ಬರುವುದನ್ನೂ ಬಲ್ಲೆ. ಎರಡೂ ಸತ್ಯವೇ. ಕಾದಂಬರಿಕಾರನು ಎರಡರ ನಡುವೆ ನಿಂತು ಲೆಕ್ಕವನ್ನು ಓದಬಲ್ಲವನಾಗಬೇಕು. ಅವನಿಗೆ ಬೇಕಾದ ಸಾಮಗ್ರಿಯು ನಮ್ಮ ಅಟ್ಟಗಳ ಮೇಲಿದೆ: ಶಾನುಭೋಗಿಕೆ ಇದ್ದ ಮನೆಗಳ ಕಡತಗಳು, ವಾರದ ಚೀಟಿಗಳು, ಬೀಜ ಕೊಟ್ಟ ಬರಹಗಳು, ಇಂಥವರಿಗೆ ಇಷ್ಟು ಕೊಳಗ ರಾಗಿ ಬಾಕಿಯೆಂದು ಬರೆದ ಪುಟಗಳು. ನಮ್ಮ ಅಜ್ಜಂದಿರಿಗೆ ನಾಚಿಕೆಯಾಗಬಹುದಾದ ಪುಟಗಳೂ ಅವುಗಳಲ್ಲಿ ಇರಬಹುದು. ಅವನ್ನೇ ಮೊದಲು ಉಳಿಸತಕ್ಕದ್ದು.

ಜಿಲ್ಲೆಯ ಸಂಘವು ಈ ಕಾಗದಗಳ ನಕಲನ್ನು ತೆಗೆಸಿ ಇಡುವ ಭಾರವನ್ನು ಹೊರುವುದಾದರೆ, ಮನೆಮನೆಯವರು ತಮ್ಮಲ್ಲಿರುವುದನ್ನು ಒಂದು ವಾರದ ಮಟ್ಟಿಗಾದರೂ ಕೊಟ್ಟು ಕಳುಹಿಸಬೇಕೆಂದು ಕೋರುತ್ತೇನೆ. ಗೆದ್ದಲು ತಿನ್ನದೆ ಉಳಿದ ಪುಟಗಳಲ್ಲಿ ಬಾಕಿದಾರನೆಂದಾದರೂ ಬರೆದಿರುವ ಹೆಸರುಗಳಿವೆ. ನಮ್ಮ ಸೀಮೆಯಲ್ಲಿ ಉತ್ತವರ ಹೆಸರು ಬರೆದಿರುವುದು ಬಹುಶಃ ಅಲ್ಲಿ ಮಾತ್ರ.